ಪಾನಕಕ್ಕಿಂತ ಮೊದಲು ನೀರು

ಬಿಸಿಲು ಏರಿದಂತೆ ನೀರು ಇಳಿಯುತ್ತದೆ. ಬೆಂಗಳೂರಿನ ಮೂಡಲಪಾಳ್ಯದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಶಿವರಾತ್ರಿ ಕಳೆದ ಮೇಲೆ ಬೋರ್‌ವೆಲ್ ಕೆಮ್ಮಲು ಶುರು ಮಾಡುತ್ತದೆ. ಆಮೇಲೆ ಟ್ಯಾಂಕರ್ ಬರುತ್ತದೆ, ನೆಲದಡಿಯ ಸಂಪಿನೊಳಗೆ ಪೈಪು ಬಿಡುತ್ತಾರೆ. ಆ ನೀರು ಎಲ್ಲಿಯದು, ಯಾವ ಮೋರಿಯ ಮಗ್ಗುಲಿನ ಬೋರಿನದು ಎಂದು ನಾವು ಕೇಳುವುದಿಲ್ಲ. ಬಂತಲ್ಲ, ಅಷ್ಟೇ ಪುಣ್ಯ ಎಂದುಕೊಂಡು ಬಿಂದಿಗೆ ಹಿಡಿಯುತ್ತೇವೆ.

ಪಾಪಮ್ಮನವರ ವಠಾರದಲ್ಲೂ ಹಾಗೆಯೇ. ಒಂದು ಕಾಲಕ್ಕೆ ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಎರಡು ಸಾಲು ಬಾಡಿಗೆ ಮನೆಗಳಿವೆ. ಎಲ್ಲ ಮನೆಗೂ ಒಂದೇ ಸಂಪು. ಹೊಲ ಹೋದರೂ ಪಾಪಮ್ಮ ಒಂದು ವ್ರತವನ್ನು ಬಿಟ್ಟಿರಲಿಲ್ಲ. ರಾಮನವಮಿಯ ದಿನ ರಸ್ತೆ ಮೂಲೆಯ ಹೊಂಗೆ ಮರದ ಕೆಳಗೆ ತೆಂಗಿನ ಗರಿಯ ಚಪ್ಪರ ಹಾಕಿ, ಬಂದವರಿಗೆಲ್ಲ ಪಾನಕ, ನೀರುಮಜ್ಜಿಗೆ, ಕೋಸಂಬರಿ ಕೊಡುವುದು. ಇದು ಅವರ ಅತ್ತೆ ಹಿಡಿದ ವ್ರತ. ಅತ್ತೆ ಕಣ್ಣು ಮುಚ್ಚುವಾಗ ಸೊಸೆಯ ಕೈ ಹಿಡಿದು, "ಬಿಸಿಲಲ್ಲಿ ಬಂದೋರನ್ನ ಬರಿಗಂಟಲಲ್ಲಿ ಕಳಿಸಬ್ಯಾಡ" ಎಂದಿದ್ದರಂತೆ.

ಹೋದ ವರ್ಷ ಆ ವ್ರತಕ್ಕೆ ಕೇಡು ತಗುಲಿತು. ಟ್ಯಾಂಕರ್ ನೀರಿನಲ್ಲೇ ಪಾನಕ ಕಲೆಸಿದ್ದರು. ಮಾರನೆಯ ದಿನ ಬೀದಿಯಲ್ಲಿ ಹಲವರಿಗೆ ವಾಂತಿ ಭೇದಿ. ಹಿಂದಿನ ಸಾಲಿನಲ್ಲಿ ಬಾಡಿಗೆಗಿದ್ದ ದಾನಮ್ಮನ ಮಗಳು ಚೇತನಾ, ಐದು ವರ್ಷದ ಚೂಟಿ, ಆಸ್ಪತ್ರೆ ಸೇರಿ ಡ್ರಿಪ್ ಹಾಕಿಸಿಕೊಂಡಳು. ದೇವರ ದಯೆಯಿಂದ ಮಗು ಉಳಿಯಿತು. ಪಾಪಮ್ಮನ ಮುಖಕ್ಕೆ ಹೊಡೆದಂತೆ ಯಾರೂ ಏನೂ ಹೇಳಲಿಲ್ಲ. ದಾನಮ್ಮನೂ ಹೇಳಲಿಲ್ಲ. ಆದರೆ ಅಂದಿನಿಂದ ಪಾಪಮ್ಮ ಜಗಲಿಯ ಮೇಲೆ ಕುಳಿತು ಚೇತನಾಳಿಗೆ ಒಂದು ಲೋಟ ನೀರು ಚಾಚಿದರೆ, ಒಳಗಿನಿಂದ ತಾಯಿಯ ದನಿ ಬರುತ್ತಿತ್ತು: "ಚೇತೂ, ಬಾ ಇಲ್ಲಿ. ಮನ್ಯಾಗ ಐತಿ ನೀರು."

ಮಗು ಓಡಿಹೋಗುತ್ತಿತ್ತು. ಚಾಚಿದ ಲೋಟ ಪಾಪಮ್ಮನ ಕೈಯಲ್ಲೇ ಉಳಿಯುತ್ತಿತ್ತು.

ಈ ವರ್ಷ ಯುಗಾದಿ ಮುಗಿದ ಮೇಲೆ ಪಾಪಮ್ಮನ ಯಜಮಾನರು ತಿಮ್ಮಯ್ಯನವರು ಮೆಲ್ಲಗೆ ಮಾತು ತೆಗೆದರು.

"ಈ ಸಲ ಪಾನಕ ಬ್ಯಾಡ ಬಿಡೇ. ಕೋಸಂಬರಿ ಹಂಚಿ ಕೈ ಮುಗಿಯಾಣ."

"ಕೋಸಂಬರಿ ತಿಂದ್ರೆ ದಾಹ ಹೋಯ್ತದಾ?"

"ಹೋಗಲ್ಲ. ಜೀವಾನೂ ಹೋಗಲ್ಲ."

ಪಾಪಮ್ಮ ಮೊರದಲ್ಲಿದ್ದ ಹೆಸರುಬೇಳೆಯನ್ನು ಸುಮ್ಮನೆ ಕೇರುತ್ತ ಕುಳಿತರು. ಕಲ್ಲಿಲ್ಲದ ಬೇಳೆಯನ್ನು ಎಷ್ಟು ಹೊತ್ತು ಕೇರಬಹುದೋ ಅಷ್ಟು ಹೊತ್ತು.

ಅಂದು ಸಂಜೆ ದಾನಮ್ಮ ತಾನಾಗಿಯೇ ಜಗಲಿಗೆ ಬಂದಳು. ಬಾಗಲಕೋಟೆ ಕಡೆಯ ಹೆಣ್ಣುಮಗಳು. ಗಂಡ ವೀರೇಶ ಊಟದ ಪಾರ್ಸೆಲ್ ತಲುಪಿಸುವ ಕೆಲಸದಲ್ಲಿದ್ದ. ಮಗಳು ಆಸ್ಪತ್ರೆಯಿಂದ ಬಂದ ಮೇಲೆ ದಾನಮ್ಮ ಬೀದಿಯ ಮಹಿಳಾ ಸಂಘಕ್ಕೆ ಸೇರಿದ್ದಳು.

"ಅಮ್ಮಾರ, ಈ ವರ್ಸ ಪಾನಕ ಇಲ್ಲಂತ ಹೌದೇನ್ರಿ?"

"ಯಾರಂದ್ರು?"

"ಅಜ್ಜಾರು ಅಂಗಡ್ಯಾಗ ಹೇಳಾಕತ್ತಿದ್ರು."

"ಅವರ ಬಾಯಿಗೆ ಬೀಗ ಎಲ್ಲಿ ಸಿಗ್ತದೋ," ಎಂದರು ಪಾಪಮ್ಮ. ಆಮೇಲೆ ದನಿ ತಗ್ಗಿಸಿ, "ಏನು ಮಾಡ್ಲಿ ಹೇಳಮ್ಮ. ಡ್ರಮ್ಮುಗಟ್ಟಲೆ ನೀರು ಕಾಯಿಸಿ ಆರಿಸಕ್ಕೆ ಆಯ್ತದಾ? ಒಂದು ಸಲ ಬ್ಲೀಚಿಂಗ್ ಪೌಡರ್ ಹಾಕಿಸ್ದೆ. ಕುಡಿಯೋದಿರ್ಲಿ, ಮೂಸಕ್ಕಾಗ್ಲಿಲ್ಲ. ರಾಮನಿಗೆ ಅದನ್ನ ನೈವೇದ್ಯ ಮಾಡ್ಲಾ?"

"ಅಳತಿ ತಪ್ಪಿರತೈತ್ರಿ. ಹಳೇ ಪುಡಿ ಇದ್ರೂ ಹಂಗಽ ಆಗತೈತಿ. ನಮ್ಮ ಸಂಘದಾಗ ಈಗ ಒಂದು ಮಷಿನ್ ಬಂದೈತ್ರಿ. ಆ ಮದ್ದು ನಾವಽ ಇಲ್ಲೇ ತಯಾರ್ ಮಾಡ್ತೀವಿ. ಉಪ್ಪಿನಿಂದ."

"ಉಪ್ಪಿನಿಂದ ಮದ್ದಾ? ಉಪ್ಪಿನಕಾಯಿ ಮಾಡೋದು ಗೊತ್ತು ನಂಗೆ."

"ನಾಳೆ ಬಂದು ನೋಡ್ರಿ. ನೋಡಿದ್ಮ್ಯಾಲ ಬೈರಿ."

ಮರುದಿನ ಪಾಪಮ್ಮ, ತಿಮ್ಮಯ್ಯ ಇಬ್ಬರೂ ಸಂಘದ ಮಹಡಿ ಹತ್ತಿದರು. ಆರೋಗ್ಯ ಕೇಂದ್ರದ ನರ್ಸ್ ವರಲಕ್ಷ್ಮಿ ಅಲ್ಲಿದ್ದರು. ಸಂಘದ ಹೆಂಗಸರಿಗೆ ಕೆಲಸ ಕಲಿಸಿದವರು ಅವರೇ. ತಾರಸಿಯ ಮೇಲೆ ಸೋಲಾರ್ ಹಲಗೆ. ಅದರಿಂದ ಬಂದ ವೈರು ಒಂದು ಪ್ಲಾಸ್ಟಿಕ್ ಬಕೆಟ್ಟಿಗೆ ಇಳಿದಿತ್ತು. ಬಕೆಟ್ಟಿನಲ್ಲಿ ಅಳತೆ ಮಾಡಿ ಕರಗಿಸಿದ ಉಪ್ಪುನೀರು. ಒಳಗೆ ಸಣ್ಣ ಲೋಹದ ತಗಡುಗಳು. ಆ ತಗಡುಗಳಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲುಸಾಲಾಗಿ ಮೇಲೇಳುತ್ತಿದ್ದವು.

ತಿಮ್ಮಯ್ಯನವರು ಹತ್ತಿರ ಬಗ್ಗಿದರು. ಅಭ್ಯಾಸಬಲದಿಂದ ಕೈ ಜೇಬಿನ ಬೀಡಿಗೆ ಹೋಯಿತು.

"ತಾತ, ಬೀಡಿ ಇಲ್ಲಿ ಬೇಡ," ಎಂದರು ವರಲಕ್ಷ್ಮಿ. "ಆ ಗುಳ್ಳೆಯಲ್ಲಿ ಬರೋ ಗಾಳಿಗೆ ಬೆಂಕಿ ಹತ್ತುತ್ತೆ. ಅದಕ್ಕೇ ಈ ಕೆಲಸ ಬಯಲಲ್ಲಿ ಮಾಡ್ತೀವಿ. ದೀಪ, ಊದುಬತ್ತಿ, ಬೀಡಿ ಯಾವುದೂ ಹತ್ತಿರ ಬರಬಾರದು."

"ಮದುವೆ ಆದಾಗಿಂದ ಇವಳು ಬಿಡ್ಸಕ್ಕಾಗ್ದಿದ್ದನ್ನ ಒಂದು ಬಕೆಟ್ ಬಿಡ್ಸ್ತಲ್ಲಮ್ಮ," ಎಂದು ತಿಮ್ಮಯ್ಯ ಬೀಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಹಿಂದೆ ಸರಿದರು.

ಪಾಪಮ್ಮ ನಗಲಿಲ್ಲ. "ಇದ್ರಲ್ಲಿ ಏನು ನಡೀತಾ ಇದೆ, ಅದನ್ನ ಹೇಳಿ ಸಿಸ್ಟರ್."

"ಉಪ್ಪಿನೊಳಗೆ ಕ್ಲೋರಿನ್ ಅನ್ನೋದು ಅಡಗಿದೆ ಪಾಪಮ್ಮನೋರೇ. ಉಪ್ಪುನೀರಲ್ಲಿ ಕರೆಂಟ್ ಹರಿಸಿದ್ರೆ ಅದು ಬಿಟ್ಕೊಂಡು ನೀರಿಗೆ ಸೇರುತ್ತೆ. ಅದೇ ಮದ್ದು. ನಲ್ಲೀಲಿ ಬರೋ ಕಾವೇರಿ ನೀರನ್ನ ಶುದ್ಧ ಮಾಡೋದೂ ಕ್ಲೋರಿನ್ನೇ. ಬಾಟ್ಲೀಲಿ ದೂರದಿಂದ ಬಂದ ಮದ್ದು ಅಂಗಡೀಲಿ ಕೂತು ಕೂತು ಕಸುವು ಕಳ್ಕೊಳ್ಳುತ್ತೆ. ಇದು ನಮ್ಮ ಬೀದೀಲೇ ಹುಟ್ಟಿದ್ದು. ಹಾಲಿನ ಹಾಗೆ, ತಾಜಾ ಇದ್ದಷ್ಟೂ ಒಳ್ಳೇದು."

ಕೆನೆ ಕಟ್ಟುವ ಮೊದಲಿನ ಹಾಲನ್ನು ನೋಡುವಂತೆ ಪಾಪಮ್ಮ ಆ ಬಕೆಟ್ಟನ್ನು ನೋಡಿದರು. ಉಪ್ಪು ಲಕ್ಷ್ಮಿ ಎಂದು ನಂಬಿದವರು ಅವರು. ಹೊಸ ಮನೆಗೆ ಮೊದಲು ಹೋಗುವುದು ಉಪ್ಪೇ. ಆ ಉಪ್ಪಿನ ಹೊಟ್ಟೆಯಲ್ಲಿ ಇಂಥದೊಂದು ಇದೆಯೆಂದು ಯಾರೂ ಹೇಳಿರಲಿಲ್ಲ.

"ತಾಮ್ರದ ತಂಬಿಗೇಲಿ ತುಂಬ್ಕೊಂಡು ಹೋಗ್ಲಾ?"

"ಬ್ಯಾಡ್ರಿ," ಎಂದಳು ದಾನಮ್ಮ. "ಲೋಹಾನ ತಿಂತೈತಿ. ಬೆಳಕು ಕಾಣದ ಪ್ಲಾಸ್ಟಿಕ್ ಕ್ಯಾನಿನ್ಯಾಗ ಇಡಬೇಕು. ಮುಚ್ಚಳ ಬಿಗಿ, ನೆರಳಿನ್ಯಾಗ, ಹುಡುಗ್ರ ಕೈಗೆ ಸಿಗಧಂಗ. ಸಂಡಾಸ ತೊಳಿಯೋ ಆಸಿಡ್ ಜೋಡಿ ಎಂದೂ ಕೂಡಸಬಾರದು. ವಿಷದ ಗಾಳಿ ಬರತೈತಿ."

ಆಮೇಲೆ ಅವಳು ಒಂದು ಡ್ರಮ್ಮಿನ ನೀರಿಗೆ ಅಳತೆ ಲೋಟದಿಂದ ಮದ್ದು ಹಾಕಿ ಕೋಲಿನಿಂದ ಕಲಕಿದಳು. ಅರ್ಧ ಗಂಟೆ ಕಾದರು. ಆ ನೀರನ್ನು ಸಣ್ಣ ಕೊಳವೆಯಲ್ಲಿ ಹಿಡಿದು, ಪರೀಕ್ಷೆಯ ದ್ರವ ಕೆಲವು ಹನಿ ಬಿಟ್ಟಳು. ನೀರು ತೆಳುವಾಗಿ ಹಳದಿಯಾಯಿತು.

"ಹಳದಿ ಬಂದ್ರ ಮದ್ದು ನೀರಿನ್ಯಾಗ ಇನ್ನೂ ಕಾವಲು ಐತಿ ಅಂತ. ಬರಲಿಲ್ಲಂದ್ರ ಕಾವಲು ಇಲ್ಲ. ಈ ಕೊಳವೀ ನೀರು ಮಾತ್ರ ಚೆಲ್ಲಬೇಕ್ರಿ, ಕುಡಿಬಾರದು."

ಡ್ರಮ್ಮಿನ ನೀರನ್ನು ತಿಮ್ಮಯ್ಯ ಒಂದು ಲೋಟ ಕುಡಿದು ನೋಡಿದರು. "ನಲ್ಲಿ ನೀರಿನ ಥರಾನೇ ಇದೆ ಕಣೇ."

ಪಾಪಮ್ಮ ದಾನಮ್ಮನ ಕಡೆ ತಿರುಗಿದರು. ಕೇಳಬೇಕೆಂದಿದ್ದ ಒಂದೇ ಮಾತು ಕೇಳಿದರು. "ಈ ನೀರಲ್ಲಿ ಪಾನಕ ಮಾಡಿದ್ರೆ ನಿನ್ನ ಮಗೂಗೆ ಕುಡುಸ್ತೀಯಾ?"

ದಾನಮ್ಮ ಕೊಳವೆಯ ನೀರನ್ನು ಚೆಲ್ಲಿದಳು. "ನಾನಽ ಪರೀಕ್ಷೆ ಮಾಡಿದ ನೀರಾದ್ರ ಕುಡಸ್ತೀನ್ರಿ," ಎಂದಳು.

ಪಾಪಮ್ಮನಿಗೆ ಅಷ್ಟು ಸಾಕಾಯಿತು.

ರಾಮನವಮಿಯ ಹಿಂದಿನ ಸಂಜೆ ಮಜ್ಜಿಗೆಗೆಂದು ನೀಲಿ ಡ್ರಮ್ಮಿನ ನೀರಿಗೆ ದಾನಮ್ಮನೇ ಮದ್ದು ಹಾಕಿ, ಪರೀಕ್ಷೆ ಮಾಡಿ, ಮುಚ್ಚಿಟ್ಟಳು. "ಪಾನಕದ ನೀರಿಗೆ ಬೆಳಗ್ಗೆ ಬಂದು ಹಾಕ್ತೀನ್ರಿ," ಎಂದು ಹೇಳಿ, ಕ್ಯಾನನ್ನೂ ಅಳತೆ ಲೋಟವನ್ನೂ ಪಾಪಮ್ಮನ ನಡುಮನೆಯ ಗೋಡೆಯ ಗೂಡಿನಲ್ಲಿಟ್ಟು ಹೋದಳು.

ಆದರೆ ಪಾನಕದ ವಿಷಯದಲ್ಲಿ ಪಾಪಮ್ಮನ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಕೋಳಿ ಕೂಗುವ ಹೊತ್ತಿಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ, ಮನೆಯ ಹಿರಿಸೊಸೆ ಒಬ್ಬಳೇ ಪಾನಕ ಕಲೆಸಬೇಕು. ನೈವೇದ್ಯ ಆಗುವವರೆಗೆ ಬೇರೆಯವರು ಮುಟ್ಟುವಂತಿಲ್ಲ. ಪಾಪಮ್ಮ ಎದ್ದರು, ಮಿಂದರು. ಸಂಪಿನ ನೀರು ಸೇದಿ ಬಟ್ಟೆಯಲ್ಲಿ ಸೋಸಿ ಡ್ರಮ್ಮು ತುಂಬಿದರು. ಬೆಲ್ಲ ಕರಗಿಸಿದರು. ನಿಂಬೆಹಣ್ಣು ಹಿಂಡಿದರು. ಶುಂಠಿ, ಏಲಕ್ಕಿ ಹಾಕಿದರು. ಕೊನೆಯಲ್ಲಿ, ತೀರ್ಥಕ್ಕೆ ತುಳಸಿ ದಳ ಬಿಡುವ ಭಕ್ತಿಯಲ್ಲೇ, ಅಳತೆ ಲೋಟದ ಮದ್ದನ್ನು ಪಾನಕದ ಮೇಲೆ ಸುರಿದು ಕಣ್ಣಿಗೊತ್ತಿಕೊಂಡರು. ಒಳ್ಳೆಯದು ಕೊನೆಗೆ ಬರಬೇಕು ಎಂಬುದು ಅವರ ಲೆಕ್ಕ.

ಬಿಸಿಲೇರುವ ಮುಂಚೆಯೇ ಚಪ್ಪರದಲ್ಲಿ ರಾಮದೇವರ ಪಟಕ್ಕೆ ಮಂಗಳಾರತಿಯಾಯಿತು. ಪಾನಕದ ನೈವೇದ್ಯವೂ ಆಯಿತು. ಜನ ಸೇರತೊಡಗಿದರು. ಆಟೋದವರು, ಹೂವಿನವಳು, ಗಾರೆ ಕೆಲಸಕ್ಕೆ ಹೊರಟವರು, ಬೆನ್ನಿಗೆ ಚೀಲ ಹಾಕಿದ ವೀರೇಶನ ಜೊತೆಗಾರರು. ಆಗ ದಾನಮ್ಮ ಕೈಯಲ್ಲಿ ಪರೀಕ್ಷೆಯ ಡಬ್ಬಿ ಹಿಡಿದು ಬಂದಳು. ಹಿಂದೆಯೇ ಚೇತನಾ.

"ಪಾನಕದ ನೀರು ಎಲ್ಲೈತ್ರಿ ಅಮ್ಮಾರ? ಮದ್ದು ಹಾಕ್ತೀನಿ."

"ಎಲ್ಲ ಆಯ್ತು ಕಣಮ್ಮ. ನಾನೇ ಹಾಕ್ದೆ. ನೀನು ಹೇಳಿದ ಅಳತೇನೇ."

"ನೀರಿಗೆ ಹಾಕಿ, ಅರ್ಧ ತಾಸು ಬಿಟ್ಟು ಬೆಲ್ಲ ಹಾಕಿದ್ರಿ, ಹೌದಲ್ರಿ?"

"ಇಲ್ಲ. ಪಾನಕ ಕಲೆಸಿ, ಆಮೇಲೆ ಮೇಲೆ ಹಾಕ್ದೆ."

ದಾನಮ್ಮನ ಮುಖ ಬಾಡಿತು. ಮಗಳ ಭುಜ ಹಿಡಿದು ತನ್ನ ಹತ್ತಿರ ಎಳೆದುಕೊಂಡಳು. ಅದನ್ನು ಪಾಪಮ್ಮ ನೋಡಿದರು.

"ಏನಾಯ್ತು? ಹೊಟ್ಟೆಗೆ ಹೋದ್ಮೇಲೆ ಎಲ್ಲ ಒಂದೇ ಅಲ್ವಾ?"

"ಅಲ್ರಿ. ನೀವಽ ನೋಡ್ರಿ."

ದಾನಮ್ಮ ಮಜ್ಜಿಗೆಯ ನೀಲಿ ಡ್ರಮ್ಮಿನಿಂದ ಎರಡು ಕೊಳವೆಯಲ್ಲಿ ನೀರು ಹಿಡಿದಳು. ಒಂದನ್ನು ಹಾಗೆಯೇ ಬಿಟ್ಟಳು. ಇನ್ನೊಂದಕ್ಕೆ ನಿಂಬೆಹಣ್ಣು ಹಿಂಡಿ ಎರಡೇ ಹನಿ ಬಿಟ್ಟಳು. ಆಮೇಲೆ ಎರಡಕ್ಕೂ ಪರೀಕ್ಷೆಯ ದ್ರವ ಹಾಕಿದಳು. ಮೊದಲನೆಯದು ಹಳದಿಯಾಯಿತು. ನಿಂಬೆ ಬಿದ್ದದ್ದು ಬಣ್ಣವಿಲ್ಲದ ನೀರಾಗಿಯೇ ಉಳಿಯಿತು.

"ನಿಂಬೀ ರಸ ಮದ್ದಿನ ಶಕ್ತೀನ ತಿಂದುಬಿಡತೈತ್ರಿ. ಬೆಲ್ಲಾನೂ ಹಂಗಽ. ನೀರಿನ್ಯಾಗಿನ ರೋಗದ ಹುಳ ಕೊಲ್ಲಾಕ ಏನೂ ಉಳಿಯೂದಿಲ್ಲ. ಮೊದಲು ನೀರು ಶುದ್ಧ ಆಗಬೇಕು. ಆಮೇಲೆ ಬೆಲ್ಲ, ನಿಂಬಿ, ಮೊಸರು ಏನರೆ ಹಾಕ್ರಿ."

ಸಾಲಿನಲ್ಲಿದ್ದ ಆಟೋದವನು ಪಾನಕಕ್ಕೆಂದು ಹಿಡಿದಿದ್ದ ಲೋಟ ಕೆಳಗಿಟ್ಟ. ತಿಮ್ಮಯ್ಯ ಹೆಂಡತಿಯ ಕಿವಿಯಲ್ಲಿ ಹೇಳಿದರು, "ನೈವೇದ್ಯ ಆಗೋಗದೆ ಕಣೇ. ಪ್ರಸಾದ. ಚೆಲ್ಲಕ್ಕೆ ಬರಲ್ಲ."

ಪಾಪಮ್ಮ ಡ್ರಮ್ಮಿನ ಅಂಚು ಹಿಡಿದು ನಿಂತರು. ಅವರ ಜೀವಮಾನದಲ್ಲಿ ಪ್ರಸಾದದ ಒಂದು ಅಗುಳು ಕಾಲಿಗೆ ಸಿಕ್ಕಿದ್ದಿಲ್ಲ. ಒಂದು ಕಡೆ ದೇವರ ಮುಂದಿಟ್ಟ ಪಾನಕ. ಇನ್ನೊಂದು ಕಡೆ ತಾಯಿಯ ಸೆರಗು ಹಿಡಿದು, ನಾಲಗೆಯಿಂದ ತುಟಿ ಸವರಿಕೊಳ್ಳುತ್ತಿದ್ದ ಮಗು. ಅವರು ರಾಮನ ಪಟವನ್ನು ನೋಡಿದರು. ಪಕ್ಕದ ಮನೆಯ ಹಿರಿಯನ ಅಪ್ಪಣೆ ಕೇಳುವಂತೆ ತುಂಬ ಹೊತ್ತು ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಅವನು ಕುಡಿದಾಯ್ತು. ವನವಾಸದಲ್ಲಿ ಹಳ್ಳದ ನೀರು ಕುಡಿದು ಬಂದೋನು, ಅವನು ತಡ್ಕೋತಾನೆ. ಈ ಮಕ್ಳು ತಡ್ಕೊಳಲ್ಲ. ಇದನ್ನ ಹೊಂಗೆ ಮರದ ಬುಡಕ್ಕೆ ಹುಯ್ಯಿರಿ. ಯಾರೂ ತುಳಿಯೋ ಜಾಗ ಅಲ್ಲ ಅದು."

"ಇಷ್ಟು ಬೆಲ್ಲ..." ಎಂದರು ತಿಮ್ಮಯ್ಯ.

"ಮರಕ್ಕೂ ರಾಮನವಮಿ ಆಗ್ಲಿ ಬಿಡಿ."

ಯಾರೋ ಕಿಸಕ್ಕನೆ ನಕ್ಕರು. ನಗು ಸಾಲಿನ ಉದ್ದಕ್ಕೂ ಹೋಯಿತು. ವೀರೇಶನೂ ಅವನ ಜೊತೆಗಾರರೂ ಚೀಲ ಇಳಿಸಿ ಡ್ರಮ್ಮಿಗೆ ಕೈ ಕೊಟ್ಟರು. ಡ್ರಮ್ಮು ತೊಳೆದು, ಹೊಸ ನೀರು ಸೋಸಿ ತುಂಬಿದರು. ಈ ಸಲ ಪಾಪಮ್ಮನೇ ದಾನಮ್ಮನ ಕೈಗೆ ಅಳತೆ ಲೋಟ ಕೊಟ್ಟರು.

"ನಾನು ಮಿಂದಿಲ್ರಿ ಇನ್ನೂ," ಎಂದಳು ದಾನಮ್ಮ ಮೆಲ್ಲಗೆ.

"ನಿನ್ನ ಕೈ ಮಡಿಯಾಗಿದೆ. ಹಾಕು."

ಮದ್ದು ಬಿತ್ತು. ಅರ್ಧ ಗಂಟೆ ಕಾಯಬೇಕಿತ್ತು. ಕಾಯುವ ಜನಕ್ಕೆ ನೀಲಿ ಡ್ರಮ್ಮಿನ ನೀರಿನಲ್ಲಿ ಕಡೆದ ಮಜ್ಜಿಗೆ ಮೊದಲು ಹಂಚಿದರು. ಅಷ್ಟರಲ್ಲಿ ಬೆಲ್ಲ ಮುಗಿದ ಸುದ್ದಿ ವಠಾರಕ್ಕೆ ಮುಟ್ಟಿತ್ತು. ಒಂದೊಂದು ಮನೆಯಿಂದ ಒಂದೊಂದು ಉಂಡೆ, ಅಚ್ಚು, ಚೂರು ಬಂತು.

"ಇದು ಮಂಡ್ಯದ ಅಚ್ಚುಬೆಲ್ಲ. ಇದರ ಮುಂದೆ ಬೇರೆ ಬೆಲ್ಲ ಇಲ್ಲ," ಎಂದರು ತಿಮ್ಮಯ್ಯ.

"ನಮ್ಮ ಮಹಾಲಿಂಗಪುರದ ಬೆಲ್ಲ ತಿಂದು ಆಮೇಲೆ ಹೇಳ್ರಿ ಅಜ್ಜಾರ," ಎಂದ ವೀರೇಶ.

"ಎರಡೂ ಒಂದೇ ಡ್ರಮ್ಮಿಗೆ ಬೀಳ್ತವೆ. ಒಳಗೆ ಹೋಗಿ ಜಗಳ ಆಡ್ಲಿ," ಎಂದರು ಪಾಪಮ್ಮ.

ದಾನಮ್ಮ ಕೊಳವೆಯಲ್ಲಿ ನೀರು ಹಿಡಿದು ಹನಿ ಬಿಟ್ಟಳು. ಹಳದಿ ಬಂತು. ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಆಮೇಲೆ ಬೆಲ್ಲ ಬಿತ್ತು, ನಿಂಬೆ ಬಿತ್ತು, ಏಲಕ್ಕಿಯ ಘಮ ರಸ್ತೆ ದಾಟಿ ಬಸ್ ಸ್ಟಾಪಿನವರೆಗೂ ಹೋಯಿತು. ಪಾಪಮ್ಮ ಒಂದು ಬಟ್ಟಲು ಪಾನಕವನ್ನು ಮತ್ತೆ ರಾಮನ ಮುಂದಿಟ್ಟರು. "ಇನ್ನೊಂದು ಸಲ ಕುಡಿಯಪ್ಪ, ಇದು ಚೆನ್ನಾಗಿದೆ," ಎಂದರು.

ಮೊದಲ ಲೋಟ ತುಂಬಿ ಅವರು ದಾನಮ್ಮನ ಕಡೆ ನೋಡಿದರು. ಕೈ ಚಾಚಲಿಲ್ಲ. ಚಾಚಲು ಧೈರ್ಯ ಬರಲಿಲ್ಲ. ದಾನಮ್ಮ ಬಗ್ಗಿ ಮಗಳ ಬೆನ್ನು ತಟ್ಟಿದಳು.

"ಹೋಗ ಚೇತೂ. ಅಜ್ಜಿ ಕೊಡ್ತಾರ, ಇಸ್ಕೊಂಡು ಕುಡಿ."

ಮಗು ಎರಡು ಕೈಯಲ್ಲಿ ಲೋಟ ಹಿಡಿದು ಒಂದೇ ಉಸಿರಿಗೆ ಕುಡಿಯಿತು. ಮೂಗಿನ ತುದಿಗೆ ಏಲಕ್ಕಿ ಪುಡಿ ಅಂಟಿತ್ತು.

"ಇನ್ನೊಂದು ಲೋಟ, ಅಜ್ಜಿ."

ಪಾಪಮ್ಮನಿಗೆ ಸೌಟು ಕಾಣಲಿಲ್ಲ. ಕಣ್ಣು ಮಂಜಾಗಿತ್ತು. ತಿಮ್ಮಯ್ಯನವರೇ ಸೌಟು ಹುಡುಕಿ ಕೈಗೆ ಕೊಟ್ಟರು.

ಅಂದು ಮಧ್ಯಾಹ್ನ ಇಳಿಯುವವರೆಗೂ ಹೊಂಗೆ ಮರದ ಕೆಳಗೆ ಸಾಲು ಕರಗಲಿಲ್ಲ. ಮರುದಿನ ವರಲಕ್ಷ್ಮಿ ಮನೆಮನೆ ಸುತ್ತಿ ವಿಚಾರಿಸಿದರು. ಪಾನಕ ಕುಡಿದ ಒಬ್ಬರಿಗೂ ಹೊಟ್ಟೆ ಕೆಟ್ಟಿರಲಿಲ್ಲ. ಒಬ್ಬ ಗಾರೆಯವನು ಮಾತ್ರ ಹೊಟ್ಟೆ ನೋವೆಂದ. ಕೇಳಿದರೆ, ಅವನು ಕೋಸಂಬರಿಯನ್ನು ತಟ್ಟೆಗಟ್ಟಲೆ ತಿಂದಿದ್ದ. ಈಗ ಪಾಪಮ್ಮನವರ ವಠಾರದ ಎಲ್ಲ ಮನೆಯವರೂ ಕುಡಿಯುವ ನೀರಿಗೆ ಸಂಘದ ಮದ್ದು ಒಯ್ಯುತ್ತಾರೆ. ಬಕೆಟ್ಟಿಗೆ ಉಪ್ಪು ಅಳೆಯುವ ಸರದಿ ವಾರಕ್ಕೊಮ್ಮೆ ಪಾಪಮ್ಮನದು. ತಾರಸಿ ಹತ್ತುವ ಮುನ್ನ ಗಂಡನ ಜೇಬು ತಡವಿ ನೋಡುತ್ತಾರೆ.

ಅಕ್ಕ, ಅಣ್ಣ, ಇದನ್ನು ಓದುತ್ತಿರುವ ನಿಮ್ಮ ಬೀದಿಯಲ್ಲೂ ಹಬ್ಬ ಬರುತ್ತದೆ. ಗಣೇಶನ ಪೆಂಡಾಲು, ಅಣ್ಣಮ್ಮ ದೇವಿಯ ಉತ್ಸವ, ಮದುವೆ, ಗೃಹಪ್ರವೇಶ ಇದ್ದೇ ಇರುತ್ತವೆ. ನಾಲ್ಕು ಜನಕ್ಕೆ ನೀರು ಕೊಡುವುದು ದೊಡ್ಡ ಧರ್ಮ. ಆ ನೀರು ಎಲ್ಲಿಂದ ಬಂತೆಂದು ಕೊಡುವ ಮೊದಲು ಒಮ್ಮೆ ಕೇಳಿ. ಕಾಯಿಸಲು ಆಗುವಷ್ಟಿದ್ದರೆ ಕುದಿಸಿ ಆರಿಸಿ. ಹೆಚ್ಚಿದ್ದರೆ ಕೆಸರು ಇಳಿಸಿ, ಬಟ್ಟೆಯಲ್ಲಿ ಸೋಸಿ, ಸರಿಯಾದ ಅಳತೆಯಲ್ಲಿ ಕ್ಲೋರಿನ್ ಹಾಕಿ, ಅರ್ಧ ಗಂಟೆ ಕಾಯಿರಿ. ಹಳದಿ ನೋಡಿ. ಬೆಲ್ಲ, ನಿಂಬೆ, ಮೊಸರು ಎಲ್ಲ ಆಮೇಲೆ. ಐಸನ್ನೂ ಶುದ್ಧ ನೀರಿನದೇ ಎಂದು ಗೊತ್ತಿದ್ದರೆ ಮಾತ್ರ ಹಾಕಿ. ಅಳತೆಯನ್ನು ಊಹಿಸಬೇಡಿ, ನಿಮ್ಮ ಆರೋಗ್ಯ ಕೇಂದ್ರದವರನ್ನು ಕೇಳಿ.

ಉಪ್ಪು ನಿಮ್ಮ ಅಡುಗೆಮನೆಯಲ್ಲಿದೆ. ಬಿಸಿಲು ನಿಮ್ಮ ತಾರಸಿಯ ಮೇಲೆ ಬಿದ್ದು ಹೋಗುತ್ತಿದೆ. ನಿಮ್ಮ ಸಂಘದವರು ಹತ್ತು ಜನ ಒಟ್ಟಾಗಿ ಕುಳಿತು, ಈ ಯಂತ್ರವನ್ನು ಹೇಗೆ ತರುವುದು, ಯಾರಿಂದ ಕಲಿಯುವುದು ಎಂದು ಈ ವಾರವೇ ಮಾತಾಡಿ. ನೀವು ಕೊಡುವ ಲೋಟವನ್ನು ಯಾವ ತಾಯಿಯೂ ಅಂಜದೆ ತನ್ನ ಮಗುವಿಗೆ ಕುಡಿಸುವಂತಾಗಲಿ.